ವೈಫೈ ಕೋಣೆಯಲ್ಲಿ ಮಹೇಶ್ವರಿ

ಕೂತ ಮೇಲೆ ಏಳಬಾರದು ಎಂದು ಮಹೇಶ್ವರಿ ನಿಶ್ಚಯಿಸಿಬಿಟ್ಟಳು.

ತಲೆಯ ಮೇಲಿನ ಗೋಡೆಯಲ್ಲಿ ವೈಫೈ ಪೆಟ್ಟಿಗೆ ಮಿಣುಕುತ್ತಿತ್ತು. ಕಿಟಕಿಯಾಚೆ ನಿಂತ ತಾಯಂದಿರ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ. ಅವಳ ಏಳು ತಿಂಗಳ ಹೊಟ್ಟೆಯ ಮೇಲಿತ್ತು.

ಬೇವೂರಿನ ಈ ಶಾಲೆಗೆ ಹಟ ಹಿಡಿದು ಇಂಟರ್‌ನೆಟ್ ತರಿಸಿದವಳು ವಿಜ್ಞಾನದ ಟೀಚರಾದ ಅವಳೇ. ಪ್ರಯೋಗಾಲಯವಿಲ್ಲದ ಕಡೆ ಎಷ್ಟನ್ನೆಂದು ಸೀಮೆಸುಣ್ಣದಲ್ಲಿ ಬರೆದು ತೋರಿಸುವುದು? ಪರದೆಯ ಮೇಲೆ ನೋಡಲು ಶುರುಮಾಡಿದ ಮೇಲೆ ಹುಡುಗಿಯರು ಬಾಯಿಬಿಟ್ಟು ಪ್ರಶ್ನೆ ಕೇಳತೊಡಗಿದ್ದರು. ಅಷ್ಟರಲ್ಲಿ ಪಾರಮ್ಮನ ಮಗಳು ಹುಲಗಮ್ಮನಿಗೆ ತಲೆನೋವು ಬಂತು. ವೈಫೈ ಮಿದುಳು ಸುಡುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರದೋ ಮೊಬೈಲಿಗೆ ಸುದ್ದಿ ಬಂತು, ತಾಯಂದಿರು ಮಕ್ಕಳನ್ನು ಈ ಕೋಣೆಗೆ ಬಿಡದಾದರು. ಆ ಸುದ್ದಿಯೂ ಅಂಥದೇ ರೇಡಿಯೋ ಅಲೆಗಳ ಮೇಲೇರಿ ಬಂದದ್ದು ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಪಾಲಕರ ಸಭೆಯಲ್ಲಿ ಅವಳು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಈ ಅಲೆಗಳ ಶಕ್ತಿ ತೀರ ಕಡಿಮೆ, ಕೆಡುಕಾಗುತ್ತದೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ, ತಲೆನೋವಿಗೆ ಹುಡುಗಿಯ ಕಣ್ಣನ್ನು ಡಾಕ್ಟರಿಗೆ ತೋರಿಸಿ ಎಂದಿದ್ದಳು. ಹೆಡ್‌ಮಾಸ್ತರರು ಕೆಮ್ಮಿ ಗಡಿಯಾರ ನೋಡಿದರು. ಪಾರಮ್ಮ ಎದ್ದು ನಿಂತಳು.

“ಪುರಾವೆ ಸಿಕ್ಕಿಲ್ಲ ಅಂದ್ರ ಏನೂ ಆಗಂಗಿಲ್ಲ ಅಂತೇನ್ರಿ ಅಕ್ಕೋರ?”

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. “ವಿಜ್ಞಾನಿಗಳು ಇನ್ನೂ ನೋಡಾಕತ್ಯಾರ,” ಎಂದಳು ಮಹೇಶ್ವರಿ.

“ನೀವು ಬಸುರಿ ಅದೀರಿ. ಅದರ ಕೆಳಗ ಕುಂದರ್ತೀರೇನ್ರಿ?”

“ಕುಂದರ್ತೀನಿ.”

ಸಭೆ ಅಲ್ಲಿಗೆ ಮುಗಿಯಿತು. ಅವಳು ಓದಿದ್ದು, ವಿವರಿಸಿದ್ದು ಯಾರಿಗೂ ಬೇಕಿರಲಿಲ್ಲ. ಬೇಕಾದದ್ದು ಹೊಟ್ಟೆ.

ಮಧ್ಯಾಹ್ನ ಗಂಡನ ಫೋನು ಬಂತು. ಎಲ್ಲಿದ್ದೀ ಎಂದ. ಶಾಲೆಯಲ್ಲಿ ಎಂದಳು. ಶಾಲೆಯಲ್ಲಿ ಎಲ್ಲಿ ಎಂದ. ಪಾಠವಿದೆ ಎಂದು ಫೋನಿಟ್ಟಳು.

ಆಮೇಲೆ ಪಾರಮ್ಮ ಮಗಳನ್ನು ಕರೆದುಕೊಂಡು ಬಾಗಿಲಿಗೆ ಬಂದಳು. “ಅಕ್ಕೋರು ಕುಂತಾರ. ನೀನೂ ಹೋಗಿ ಕುಂದ್ರು,” ಎಂದು ಒಳಗೆ ಬಿಟ್ಟಳು. ಹುಲಗಮ್ಮ ಬಂದು ಟೀಚರಿಗೆ ಅಂಟಿಕೊಂಡಂತೆ ಕೂತಳು. ಹಿಂದೆಯೇ ಉಳಿದ ಹುಡುಗಿಯರೂ ಬಂದರು. ಕೋಣೆ ತುಂಬಿತು. ಗೆದ್ದೆ ಎಂದುಕೊಂಡಳು ಮಹೇಶ್ವರಿ. ಆ ಮಾತು ಒಳಗೆ ಎಲ್ಲಿಯೂ ತಾಗಲಿಲ್ಲ.

ಆಗಲೇ ಅರಿವಾಯಿತು: ಊಟವಾದ ಮೇಲೆ ದಿನಾ ಹೊರಳುವ ಕೂಸು ಇವತ್ತು ಹೊರಳಿಲ್ಲ.

ಮಲಗಿರಬೇಕು. ಕೂಸುಗಳು ಮಲಗುತ್ತವೆ. ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲಿನದೇ ಕಾರಣವಾಗಬೇಕಿಲ್ಲ ಎಂದು ಮಕ್ಕಳಿಗೆ ಕಲಿಸಿದವಳೇ ಅವಳು. ಆದರೂ ಕೈ ತಾನಾಗಿ ಹೊಟ್ಟೆಯತ್ತ ಹೊರಟಿತು. ಅದರ ಜೊತೆ ಕಿಟಕಿಯ ಕಣ್ಣುಗಳೆಲ್ಲ ಹೊರಟವು. ಈಗ ಹೊಟ್ಟೆ ಮುಟ್ಟಿಕೊಂಡರೆ ಕೋಣೆಗೆ ಸಂಜೆಯೊಳಗೆ ಬೀಗ ಬೀಳುತ್ತದೆ, ಹುಡುಗಿಯರು ಮತ್ತೆ ಬರುವುದಿಲ್ಲ.

ಕೈಯನ್ನು ತಡೆದು ಮೇಜಿನ ಮೇಲಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪಾಠ ಶುರುಮಾಡಿದಳು. ಹುಡುಗಿಯರು ಬರೆದುಕೊಳ್ಳತೊಡಗಿದರು.

ಮಾತಿನ ನಡುವೆ ಒಮ್ಮೆ ಕೆಳಗೆ ನೋಡಿದಳು. ಬೋಳು ಮೇಜಿನ ಮೇಲೆ ಕೈಯೊಂದು, ಯಾರೋ ಬಿಟ್ಟುಹೋದ ವಸ್ತುವಿನಂತೆ, ಅಂಗಾತ ಬಿದ್ದಿತ್ತು.