ಫೌಂಡರ್ಡ್ ಎಂಬ ಶಬ್ದ

ಮಾನಸಾಳ ಫೋನಿಗೆ ಆ ಸಂದೇಶ ಬಂದದ್ದು ಮಂಗಳವಾರ ಮಧ್ಯಾಹ್ನ. ಕಾರವಾರದ ಹಬ್ಬುವಾಡದ ಶಾಲೆಯಲ್ಲಿ ಅವಳು ಯುಕೆಜಿ ಮಕ್ಕಳ ಊಟದ ಡಬ್ಬಿಗಳ ಮುಚ್ಚಳ ತೆಗೆದುಕೊಡುತ್ತಿದ್ದಳು. ತಮ್ಮ ರೂಪೇಶ ಕೆಲಸಕ್ಕಿದ್ದ ಸರಕಿನ ಹಡಗಿನಿಂದ ಸುದ್ದಿ ನಿಂತು ಅಂದಿಗೆ ಆರು ದಿನ. "ಶಾರ್ಜಾ ಬಿಟ್ಟೆ ಅಕ್ಕಾ, ಇನ್ನು ಸಲಾಲಾ ಮುಟ್ಟಿದ ಮೇಲೇ ಫೋನು" ಎಂದು ಅವನು ಕಳಿಸಿದ್ದ ಧ್ವನಿಸಂದೇಶವನ್ನು ಆಯಿ ಮಂಗಲಾ ದಿನಕ್ಕೆ ಹತ್ತು ಸಲ ಹಾಕಿಸಿಕೊಂಡು ಕೇಳುತ್ತಿದ್ದಳು. ಮುಂಬೈಯ ಏಜೆಂಟನ ಕಚೇರಿಗೆ ಫೋನು ಹಚ್ಚಿದರೆ, ತಿಳಿದ ಕೂಡಲೇ ತಿಳಿಸುತ್ತೇವೆ ಎಂಬ ಒಂದೇ ಮಾತು.

ಏಜೆಂಟನ ಆ ಸಂದೇಶ ಇಂಗ್ಲಿಷಿನಲ್ಲಿತ್ತು. ಎರಡೇ ಸಾಲು. ತಡವಾದದ್ದಕ್ಕೆ ವಿಷಾದವಿದೆ, ಹಡಗು ಹನ್ನೊಂದನೇ ತಾರೀಕು ಒಮಾನಿನ ಒಂದು ದ್ವೀಪದ ಹತ್ತಿರ 'ಫೌಂಡರ್ಡ್', ಸಿಬ್ಬಂದಿಯ ವಿವರ ನಂತರ. ಮಾನಸಾಳ ಕಣ್ಣು ಆ ಶಬ್ದದ ಮೊದಲ ಐದು ಅಕ್ಷರಗಳ ಮೇಲೆ ನಿಂತುಬಿಟ್ಟಿತು. ಫೌಂಡ್. ಸಿಕ್ಕಿದೆ. ಮುಂದಿನ ನಾಲ್ಕು ಅಕ್ಷರಗಳನ್ನು ಯಾರೋ ಗುಮಾಸ್ತ ಅವಸರದಲ್ಲಿ ಹೆಚ್ಚಿಗೆ ಒತ್ತಿದ್ದಾನೆ ಎಂದುಕೊಂಡಳು. ಎಂದುಕೊಂಡಳು ಅನ್ನುವುದೂ ಹೆಚ್ಚೇ. ಅಷ್ಟು ಯೋಚಿಸುವ ವ್ಯವಧಾನವೇ ಅವಳಿಗಿರಲಿಲ್ಲ. ಕೈಯಲ್ಲಿದ್ದ ಡಬ್ಬಿ ಅಲ್ಲೇ ಇಟ್ಟು, ಹೆಡ್ ಮೇಡಮ್ಮಿಗೆ ಹೇಳಿ, ರಿಕ್ಷಾ ಹಿಡಿದು ಬೈತಕೋಲಿನ ಮನೆಗೆ ಬಂದಳು.

ಆ ಮೀನುಗಾರರ ಕೇರಿಯಲ್ಲಿ ಬಿ.ಎ. ಮುಗಿಸಿ ಇಂಗ್ಲಿಷ್ ಓದಬಲ್ಲವಳು ಎಂದರೆ ಮಾನಸಾ. ಬ್ಯಾಂಕಿನ ಕಾಗದ ಬಂದರೂ, ಡಾಕ್ಟರ ಚೀಟಿ ಬಂದರೂ, ಕೊಲ್ಲಿ ದೇಶಕ್ಕೆ ಹೋಗುವವರ ವೀಸಾ ಬಂದರೂ ಜನ ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಹೇಳಿದ ಮೇಲೆ ಮತ್ತೊಬ್ಬರನ್ನು ಕೇಳುವ ರೂಢಿ ಇರಲಿಲ್ಲ.

"ಆಯೀ, ಹಡಗು ಸಿಕ್ತು!" ಎಂದು ಅಂಗಳದಿಂದಲೇ ಕೂಗಿದಳು.

ಮಂಗಲಾ ಒಣಮೀನಿನ ಬುಟ್ಟಿಯ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ನೆರೆಯ ಬೇಬಿ ಓಡಿಬಂದಳು. ಅರ್ಧ ಗಂಟೆಯೊಳಗೆ ಕೇರಿಯ ಅಷ್ಟೂ ಮನೆಗಳಿಗೆ ಸುದ್ದಿ ಮುಟ್ಟಿತು. ಯಾರೋ ಪೇಡೆ ತಂದರು, ಮಂಗಲಾ ಮುಖ ತೊಳೆದು ದೇವರಿಗೆ ಕಾಯಿ ಒಡೆಸಲು ಹೋದಳು. ಅದೇ ಖುಷಿಯಲ್ಲಿ ಮಾನಸಾ ಸುಂಕಸಾಳಕ್ಕೂ ಫೋನು ಮಾಡಿದಳು. ಅಲ್ಲಿಯ ಮಹಾಬಲೇಶ್ವರ ಅದೇ ಹಡಗಿನಲ್ಲಿ ಅಡಿಗೆಯವನು. ರೂಪೇಶನನ್ನು ತಮ್ಮನ ಹಾಗೆ ನೋಡಿಕೊಳ್ಳುತ್ತಿದ್ದವನು. ರೂಪೇಶನ ಬಾಯಲ್ಲಿ ಸದಾ 'ಮಾಬ್ಲಣ್ಣ'. ಅವನ ಹೆಂಡತಿ ಗಾಯತ್ರಿ ಫೋನಿನಲ್ಲಿ, "ಖರೇನಾ ಅಕ್ಕೋರೇ? ನೀವೇ ಓದಿದ್ರಾ?" ಎಂದಳು.

"ನಾನೇ ಓದ್ದೆ, ಗಾಯತ್ರಿ. ಸಿಕ್ಕಿದೆ ಹೇಳಿ ಬರ್ದಾರೆ."

ಅಪ್ಪ ಕುಪ್ಪ ಮಾತ್ರ ಪೇಡೆ ಮುಟ್ಟಲಿಲ್ಲ. ನಲವತ್ತು ವರ್ಷ ಸಮುದ್ರದಲ್ಲಿ ಕಳೆದವನು. ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದವನು ತಲೆ ಎತ್ತಿ ಕೇಳಿದ: "ಸಿಕ್ಕಿದ್ರೆ ಯಾವ ಬಂದ್ರಕ್ಕೆ ತಂದ್ರು?"

"ಅದು ಬರೀಲಿಲ್ಲ, ಬಾಬಾ."

"ಎಳ್ಕಂಡು ಬಂದ್ರೋ, ಅದೇ ನಡ್ಕಂಡು ಬಂತೋ?"

ಮಾನಸಾ ಉತ್ತರ ಹುಡುಕಲು ಫೋನು ತೆರೆದಳು. ಆಗ ಆ ನಾಲ್ಕು ಅಕ್ಷರಗಳು ಮೊದಲ ಸಲ ಅವಳಿಗೆ ಕಂಡವು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಶಬ್ದವನ್ನು ಅನುವಾದದ ಆ್ಯಪಿಗೆ ಹಾಕಿದಳು. 'ಸ್ಥಾಪಿಸಲಾಯಿತು' ಎಂದು ಬಂತು. ಹಡಗನ್ನು ಯಾರಾದರೂ ಸ್ಥಾಪಿಸುತ್ತಾರೆಯೇ? ಇಂಗ್ಲಿಷ್ ನಿಘಂಟಿನಲ್ಲಿ ನೋಡಿದಳು. ನೀರು ತುಂಬಿ ಮುಳುಗು ಎಂದಿತ್ತು. ಕೆಳಗೆ ಇನ್ನೂ ಅರ್ಥಗಳಿದ್ದವು: ಕುದುರೆ ಎಡವಿ ಬೀಳು, ಯೋಜನೆ ಕೆಡು. ಅವಳು ಅವನ್ನೆಲ್ಲ ಓದಿದಳು. ಮುಳುಗು ಎಂಬುದನ್ನು ಬಿಟ್ಟು ಉಳಿದ ಒಂದು ಅರ್ಥವಾದರೂ ಹಡಗಿಗೆ ಒಪ್ಪೀತೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಏಜೆಂಟನ ಫೋನು ಯಾರೂ ಎತ್ತಲಿಲ್ಲ. ಹೊರಗೆ ಆಯಿ ಬಂದವರಿಗೆ ಚಹ ಕೊಡುತ್ತ ಜೋರಾಗಿ ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ಶಾಲೆಗೆಂದು ಹೊರಟವಳು ಅಂಕೋಲೆಯ ಬಸ್ಸು ಹತ್ತಿದಳು. ಅಲ್ಲಿದ್ದ ಜಟ್ಟಪ್ಪ ಮಾಸ್ತರರು ಅವಳಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಪ್ರತಿ ಶನಿವಾರ ಬೋರ್ಡಿನ ಮೇಲೆ ಒಂದೇ ಥರ ಕೇಳುವ ಎರಡು ಶಬ್ದ ಬರೆದು ಅವುಗಳ ಕುಲಗೋತ್ರ ಬಿಡಿಸುತ್ತಿದ್ದರು. ಒಂದು ಸ್ಟೇಷನರಿ ಅಂದರೆ ನಿಂತಲ್ಲೇ ನಿಂತದ್ದು, ಇನ್ನೊಂದು ಸ್ಟೇಷನರಿ ಅಂದರೆ ಕಾಗದ ಪೆನ್ನು. ಆದರೆ ಎರಡರ ಬೇರೂ ಒಂದೇ, ಊರೂರು ತಿರುಗದೆ ಒಂದು ಕಡೆ ನಿಂತು ಮಾರಿದವನೇ ಸ್ಟೇಷನರ್ ಎಂದು ಅವರು ಹೇಳಿದ್ದು ಅವಳಿಗೆ ಇನ್ನೂ ನೆನಪಿತ್ತು. ಅವರಿಗೆ ಗೊತ್ತಿರುತ್ತದೆ. ಫೋನಿಗೆ ಗೊತ್ತಿಲ್ಲದ ಇನ್ನೊಂದು ಅರ್ಥ ಆ ಶಬ್ದಕ್ಕೆ ಇದ್ದರೆ ಅದು ಅವರಿಗೇ ಗೊತ್ತಿರಬೇಕು. ಬಸ್ಸಿನಲ್ಲಿ ಅವಳು ಅದೊಂದನ್ನೇ ಹಿಡಿದುಕೊಂಡು ಕೂತಿದ್ದಳು.

ಮಾಸ್ತರರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಹಳೆಯ ವಿದ್ಯಾರ್ಥಿನಿ ಶಬ್ದ ಕೇಳಲು ಬಂದಳೆಂದು ಅವರಿಗೆ ಸಂತೋಷವೇ ಆಯಿತು. ಅವಳು ಕಾರಣ ಹೇಳುವ ಮೊದಲೇ ಶುರು ಮಾಡಿದರು.

"ಇವು ಮೂರು ಸೇರಿ ಎಲ್ಲರ ದಾರಿ ತಪ್ಪಿಸ್ತವೆ ನೋಡು. ಫೌಂಡ್ ಅನ್ನೋದು ಫೈಂಡ್‌ನ ಮಗು, ಇಂಗ್ಲಿಷರ ಮನೆಯದ್ದೇ ಹಳೇ ಶಬ್ದ. ಫೌಂಡರ್ ಹಾಗಲ್ಲ. ಅದು ಲ್ಯಾಟಿನ್‌ದು. ಫಂಡಸ್ ಅಂದ್ರೆ ತಳ. ನಮ್ಮ ಶಾಲೆ ಕಲ್ಲಿನ ಮೇಲೆ ಫೌಂಡರ್ ಹೇಳಿ ಹೆಸರು ಕೆತ್ತಿದಾರಲ್ಲ, ಅಂವ ತಳ ಹಾಕಿದಂವ. ಅದೇ ಶಬ್ದ ಹಡಗಿಗೆ ಹೇಳಿದ್ರೆ ತಳಕ್ಕೆ ಹೋಗೂದು. ಫ್ಲೌಂಡರ್ ಮತ್ತೊಂದು, ಕೆಸರಲ್ಲಿ ಸಿಕ್ಕವರ ಹಾಗೆ ಒದ್ದಾಡೂದು. ತಳದ ಮಣ್ಣಿಗೆ ಅಂಟ್ಕೊಂಡಿರೋ ಚಪ್ಪಟೆ ಮೀನಿಗೂ ಅದೇ ಹೆಸರು, ಆದ್ರೆ ಅದರ ಬೇರು ಬೇರೆ..."

"ಸರ್," ಎಂದಳು ಮಾನಸಾ. "ಫ್ಲೌಂಡರ್ ಬರೀಲಿಕ್ಕೆ ಹೋಗಿ ಫೌಂಡರ್ ಬರೆದಿರ್ಬಹುದಾ? ಒಂದು ಅಕ್ಷರ ಬಿಟ್ಟುಹೋಗಿ? ಹಡಗು ಒದ್ದಾಡ್ತಾ ಇತ್ತು, ಮುಳುಗಲಿಲ್ಲ, ಹಾಗೆ?"

ಮಾಸ್ತರರು ಆಗ ಅವಳ ಮುಖ ನೋಡಿದರು. ಅವಳು ಫೋನು ಮುಂದೆ ಹಿಡಿದಳು. ಅವರು ಕನ್ನಡಕ ಸರಿಮಾಡಿ ಎರಡು ಸಾಲನ್ನೂ ಓದಿ, ಫೋನನ್ನು ಹಿಂದಕ್ಕೆ ಕೊಡದೆ ಕೈಯಲ್ಲೇ ಇಟ್ಟುಕೊಂಡರು.

"ಯಾರು ಇದ್ರು ಇದ್ರಲ್ಲಿ?"

"ತಮ್ಮ."

"ಬರೆದಂವಗೆ ಇಂಗ್ಲಿಷ್ ಬರ್ತದೆ, ತಂಗೀ," ಎಂದರು ಮಾಸ್ತರರು ತುಂಬಾ ಮೆಲ್ಲಗೆ. "ಹಡಗಿನವರು ದಿನಾ ಬಳಸೋ ಶಬ್ದ ಇದು. ತಪ್ಪಿ ಬರೆದದ್ದಲ್ಲ. ಆದ್ರೆ ಮುಳುಗಿದ್ದು ಹಡಗು. ಜನರ ವಿಷಯ ಇದ್ರಲ್ಲಿ ಇನ್ನೂ ಹೇಳ್ಲಿಲ್ಲ. ಅಷ್ಟನ್ನೇ ಓದು, ಜಾಸ್ತಿ ಓದ್ಬೇಡ."

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸು ಹೊರಡಲು ನಿಂತಿತ್ತು. ಹತ್ತಿದರೆ ಒಂದು ತಾಸಿನೊಳಗೆ ಸುಂಕಸಾಳ. ಕಂಡಕ್ಟರ್ ಎರಡು ಸಲ ಕೇಳಿದ. ಗಾಯತ್ರಿ ತನ್ನ ಮಾತು ನಂಬಿ ಅತ್ತೆಗೆ ಸಿಹಿ ತಿನಿಸಿರಬಹುದು, ಗಂಡನ ಅಂಗಿ ಒಗೆದು ಒಣಹಾಕಿರಬಹುದು. ಮಾನಸಾ ಹತ್ತಲಿಲ್ಲ. ಬಸ್ಸು ಅವಳ ಮುಂದೆಯೇ ಹೋಯಿತು. ಅವಳು ಕಾರವಾರದ ಕಡೆಯ ಬಸ್ಸು ಹಿಡಿದು, ಅವರ್ಸೆ ದಾಟುವವರೆಗೂ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತಳು.

ಅಪ್ಪನಿಗೆ ದಡದಲ್ಲಿ ಹೇಳಿದಳು. ಕುಪ್ಪ ದೋಣಿಯ ಅಂಚಿಗೆ ಕೈಯೂರಿ ನಿಂತು ಕೇಳಿದ.

"ನಾ ತಪ್ಪು ಓದ್ದೆ, ಬಾಬಾ. ಎಲ್ಲರಿಗೂ ಪೇಡೆ ಹಂಚ್ಸಿಬಿಟ್ಟೆ."

"ಅಲ್ಲಿ ನೀರು ಎಷ್ಟು ಮಾರು?"

ಅವಳಿಗೆ ಗೊತ್ತಿರಲಿಲ್ಲ. ಅವನು ಸಮುದ್ರದ ಕಡೆ ತಿರುಗಿ, "ರೂಪೇಶಗೆ ಈಜು ನಾನೇ ಕಲ್ಸಿದ್ದು. ಚಲೋ ಈಜ್ತಾನೆ," ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಸಾಲದೆಂಬಂತೆ ಅದನ್ನೇ ಮತ್ತೊಮ್ಮೆ ಹೇಳಿದ.

ಮಂಗಲಾಳಿಗೆ ಹೇಳಿದಾಗ ಅವಳು ಮಗಳ ಕೆನ್ನೆಗೆ ಹೊಡೆದಳು. ಒಂದಲ್ಲ, ಎರಡು. "ಇಷ್ಟೆಲ್ಲಾ ಓದ್ಸಿದ್ದು ಇದಕ್ಕೇನೆ? ನನ್ನ ಕೈಲಿ ಕಾಯಿ ಒಡೆಸ್ದ್ಯಲ್ಲೇ!" ಎಂದವಳು, ಹೊಡೆದ ಕೈಯಿಂದಲೇ ಅವಳನ್ನು ಎಳೆದು ಎದೆಗೆ ಅವುಚಿಕೊಂಡಳು. ಆ ದಿನ ಒಲೆ ಹಚ್ಚಲಿಲ್ಲ. ಬೇಬಿ ತಂದಿಟ್ಟ ಗಂಜಿ ಹಾಗೇ ಆರಿತು. ಪೇಡೆ ತಿಂದುಹೋದವರು ಈಗ ಮನೆಯ ಮುಂದೆ ದನಿ ತಗ್ಗಿಸಿ ಓಡಾಡಿದರು.

ಗಾಯತ್ರಿಗೆ ಫೋನು ಮಾಡಬೇಕೆಂದು ಮಾನಸಾ ಗುರುವಾರ ನಾಲ್ಕು ಸಲ ಹೆಸರು ಒತ್ತಿ, ರಿಂಗ್ ಆಗುವ ಮೊದಲೇ ಕಡಿದಳು. ಶುಕ್ರವಾರ ಗಾಯತ್ರಿಯೇ ಮಾಡಿದಳು. ಮಾನಸಾ ಎತ್ತಲಿಲ್ಲ.

ಶನಿವಾರ ಹತ್ತು ಗಂಟೆಗೆ ಪರದೇಶದ ನಂಬರೊಂದು ಬಂತು.

"ಅಕ್ಕಾ."

ಅವಳು ಕಿರುಚಿದ್ದಕ್ಕೆ ಅಪ್ಪ ಓಡಿಬಂದ. ರೂಪೇಶ ಆಸ್ಪತ್ರೆಯಲ್ಲಿದ್ದ. ಮಸ್ಕತ್ತೋ ಅದರ ಹತ್ತಿರದ್ದೋ, ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂಬತ್ತು ಜನರಲ್ಲಿ ನಾಲ್ವರನ್ನು ಅಲ್ಲಿಯ ಮೀನುಗಾರರು ಎತ್ತಿದ್ದರು. ಆಯಿ ಅತ್ತು, ಅಪ್ಪ ಬರೀ 'ಹ್ಞಾಂ, ಹ್ಞಾಂ' ಎಂದು, ಕಡೆಗೆ ಫೋನು ಮತ್ತೆ ಮಾನಸಾಳ ಕೈಗೆ ಬಂದಾಗ ಅವಳು ಕೇಳಿದಳು: "ಮಾಬ್ಲಣ್ಣ?"

"ಇಬ್ರೂ ಒಂದೇ ಹಲಗೆ ಹಿಡ್ಕಂಡಿದ್ವು, ಅಕ್ಕಾ. ಮೊದಲ್ನೇ ದಿನ ಅಂವನೇ ನಂಗೆ ನಿದ್ದಿ ಬರ್ದ ಹಾಗೆ ಮಾತಾಡ್ಸ್ತಾ ಇದ್ದ. ಎರಡ್ನೇ ದಿನ ಬೆಳಕಾದಾಗ ನೋಡ್ತೆ, ಹಲಗೆ ಮೇಲೆ ನಂದೊಂದೇ ಕೈ."

ಆ ದಿನ ಮಾನಸಾ ಬಸ್ಸು ತಪ್ಪಿಸಲಿಲ್ಲ. ಅಂಕೋಲೆಯಲ್ಲಿ ಇಳಿದು, ಯಲ್ಲಾಪುರದ ಬಸ್ಸು ಹತ್ತಿ, ಸುಂಕಸಾಳದ ನಿಲ್ದಾಣದಿಂದ ಗದ್ದೆಯ ಬದುವಿನ ಮೇಲೆ ದಾರಿ ಕೇಳುತ್ತ ಕೇಳುತ್ತ ಹೋದಳು. ಮನೆಯ ಮುಂದೆ ಮಹಾಬಲೇಶ್ವರನ ತಾಯಿ ಕಮಲಿ ಚಾಪೆಯ ಮೇಲೆ ಕೊತ್ತಂಬರಿ, ಮೆಣಸು ಹರವಿ ಆರಿಸುತ್ತಿದ್ದಳು. ಗಾಯತ್ರಿ ಇವಳನ್ನು ಕಂಡವಳೇ ಅಂಗಳಕ್ಕೆ ಇಳಿದು ಬಂದಳು. ಮುಖದಲ್ಲಿ ಆತಂಕವಿತ್ತು, ಆದರೆ ಮಾನಸಾ ಹೆದರಿದ್ದ ಹಾಗಿರಲಿಲ್ಲ.

"ಫೋನು ಎತ್ತಲಿಲ್ರಲ್ಲ ಅಕ್ಕೋರೇ. ಇವರ ವಿಷಯ ನಿನ್ನೆ ನಂಗೂ ಇಂಗ್ಲಿಷಲ್ಲಿ ಬಂತು. ನಾ ಹತ್ತನೇ ಇಯತ್ತೆ ತನಕ ಓದ್ದವಳು, ಅಷ್ಟು ತಿಳ್ಕಂಡೆ. ಇನ್ನೂ ಗುಣ ಆಗ್ಲಿಲ್ಲ ಹೇಳಿ ಬರ್ದಾರೆ. ಅತ್ತೆ ಕಷಾಯದ ಪುಡಿ ಮಾಡ್ತಾರೆ, ಬಂದ ಕೂಡಲೇ ಬೇಕು ಹೇಳಿ."

ಮಾನಸಾ ಫೋನು ತೆಗೆದುಕೊಂಡಳು. ಮಹಾಬಲೇಶ್ವರನ ಪೂರ್ತಿ ಹೆಸರು, ಅದರ ಮುಂದೆ ಎರಡು ಶಬ್ದ: ನಾಟ್ ರಿಕವರ್ಡ್. ಹಾಸಿಗೆ ಹಿಡಿದವನು ಎದ್ದರೂ ರಿಕವರ್, ಕಳೆದದ್ದು ಕೈಗೆ ಮರಳಿದರೂ ರಿಕವರ್. ಗಾಯತ್ರಿ ಶಾಲೆಯಲ್ಲಿ ಕಲಿತದ್ದು ಮೊದಲನೆಯದು. ಮೇಲಿನ ಸಾಲಿನಲ್ಲಿ ಶೋಧ ನಿಲ್ಲಿಸಿದ್ದೇವೆ ಎಂದಿತ್ತು. ಆ ಇಂಗ್ಲಿಷ್ ಕಠಿಣವಾಗಿತ್ತು, ಅವಳು ಅದನ್ನು ದಾಟಿ ಬಂದಿದ್ದಳು.

ಒಂದು ಗಳಿಗೆ ಮಾನಸಾಳಿಗೆ ಹಾಗೇ ತಿರುಗಿ ಹೋಗಿಬಿಡೋಣ ಅನ್ನಿಸಿತು. ಹೌದು, ಗುಣವಾಗಿಲ್ಲ ಎಂದರೆ ಸಾಕು. ಕಮಲಿ ಮೆಣಸು ಆರಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

"ಗಾಯತ್ರಿ, ಕೂತ್ಕೋ," ಎಂದಳು. "ಇದು ಗುಣದ ಶಬ್ದ ಅಲ್ಲ. ಸಿಕ್ಕಲಿಲ್ಲ ಹೇಳಿ. ಅಂವ ಸಿಕ್ಕಲಿಲ್ಲ. ಹಡಗು ಸಿಕ್ತು ಹೇಳಿ ನಾ ಹೇಳಿದ್ದೂ ತಪ್ಪು. ಹಡಗು ಅದಕ್ಕೂ ಮೊದಲೇ ಮುಳುಗಿತ್ತು. ನಂಗೆ ಬುಧವಾರವೇ ಗೊತ್ತಾಯ್ತು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ." ಆಮೇಲೆ ರೂಪೇಶ ಹೇಳಿದ್ದನ್ನು, ಹಲಗೆಯ ಮಾತನ್ನು, ಒಂದೂ ಬಿಡದೆ ಹೇಳಿದಳು.

ಗಾಯತ್ರಿ ಕೂರಲಿಲ್ಲ. ಒಳಗೆ ಹೋದಳು. ಕಮಲಿ ಚಾಪೆಯಿಂದ ಎದ್ದು ಬಂದು ಮಾನಸಾಳ ಎರಡೂ ಕೈ ಹಿಡಿದುಕೊಂಡಳು. ಬಯ್ಯುತ್ತಾಳೆಂದೇ ಮಾನಸಾ ತಿಳಿದಳು.

"ಹೋದ ಸಲ ನೀ ಹೇಳಿದ್ದು ಸುಳ್ಳಾಯ್ತಲ್ಲೆ, ಮಗಾ," ಎಂದಳು ಕಮಲಿ. "ಈ ಸಲದ್ದೂ ಸುಳ್ಳಾಗ್ಲಿ."

ರೂಪೇಶ ಮೂರು ವಾರದ ಮೇಲೆ ಬಂದ. ವಿಮಾನ ಇಳಿದವನು ಮನೆಗೆ ಬಂದು ಆಯಿಯ ಕಾಲು ಮುಟ್ಟಿ, ಮರುದಿನವೇ ಸುಂಕಸಾಳಕ್ಕೆ ಹೋದ. ಕಮಲಿ ಅವನನ್ನು ಎದುರು ಕೂರಿಸಿಕೊಂಡು ಎಲ್ಲವನ್ನೂ ಎರಡು ಸಲ ಕೇಳಿದಳು. ಕಣ್ಣಾರೆ ಕಂಡವನು ಹೇಳಿದ ಮೇಲೆಯೇ ಅವಳು ಅತ್ತದ್ದು. ಮಹಾಬಲೇಶ್ವರ ಸಿಗಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಯತ್ರಿ ಬೈತಕೋಲಿಗೆ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಹಡಗಿನ ಕಂಪನಿಯವರು ಪರಿಹಾರದ ಹಣಕ್ಕೆಂದು ಸಹಿಗೆ ಕಳಿಸಿದ ಹದಿನೆಂಟು ಹಾಳೆಗಳಿದ್ದವು, ಎಲ್ಲ ಇಂಗ್ಲಿಷ್. ಸುಂಕಸಾಳದಲ್ಲಿ ವಕೀಲರ ಗುಮಾಸ್ತನೊಬ್ಬ ಓದಿ ಹೇಳುತ್ತೇನೆ ಅಂದಿದ್ದನಂತೆ, ಅವಳು ಕೊಟ್ಟಿರಲಿಲ್ಲ. ಚೀಲವನ್ನು ಮಾನಸಾಳ ಮುಂದಿಟ್ಟು, ತಾನೂ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು.

"ಓದಿ ಅಕ್ಕೋರೇ," ಎಂದಳು. "ಸಾವಕಾಶ ಓದಿ. ನಂಗೆ ಸಂಜೆ ಬಸ್ಸಿಗೆ ಹೋದ್ರೂ ಸಾಕು."