ಒಂದೂ ಸಂದೇಶ ಕಳೆಯದ ಕಾಡು

ಮರದ ಮೇಲೆ ಪೆಟ್ಟಿಗೆ ಇರಲಿಲ್ಲ. ಎರಡನೆಯ ಮರದಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ.

ಮರುದಿನವೇ ಬೆಳಗಾವಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆಗೆ ನನ್ನ ಸಂದರ್ಶನ. ಇಪ್ಪತ್ತು ವರ್ಷ ನೆಟ್‌ವರ್ಕ್ ಪಾಠ ಮಾಡಿದ ಮೇಲೆ ಕೈಗೆಟುಕಿದ ತುತ್ತು. ಮೊಬೈಲ್ ಸಿಗ್ನಲ್ ಇಲ್ಲದ ಖಾನಾಪುರದ ಕಾಡಿನಲ್ಲಿ, ಮರದಿಂದ ಮರಕ್ಕೆ ಸಂದೇಶ ದಾಟಿಸುವ ಪೆಟ್ಟಿಗೆಗಳನ್ನು ಕಟ್ಟಿಸಿದ್ದೆ. ಹಳ್ಳ ತುಂಬಿ ದಾರಿ ಮುಚ್ಚಿದಾಗ ಆಚೆ ದಡದ ವಾಡಿಯ, ಅಂದರೆ ಪುಟ್ಟ ಹಳ್ಳಿಯ, ಜನ ಗುಂಡಿ ಒತ್ತಿದರೆ, ಸುದ್ದಿ ಈಚೆ ಊರಿನಲ್ಲಿ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಭೀಮಕ್ಕನ ಮನೆಗೆ, ಅಲ್ಲಿಂದ ಫೋನ್ ತಂತಿಯಲ್ಲಿ ಆಸ್ಪತ್ರೆಗೂ ಬೆಳಗಾವಿಯ ನನ್ನ ಕಂಪ್ಯೂಟರಿಗೂ ಮುಟ್ಟಬೇಕು. ಪೆಟ್ಟಿಗೆಗಳು ತಾವಾಗಿ ಕಳಿಸುವ ಪರೀಕ್ಷೆಯ ಸಂದೇಶಗಳಲ್ಲಿ ಇಡೀ ಮಳೆಗಾಲ ಒಂದೂ ಕಳೆದಿಲ್ಲ ಎಂದು ಬರೆದ ನನ್ನ ಪ್ರಬಂಧಕ್ಕೆ ಭಾರೀ ಹೊಗಳಿಕೆ. ಅಂಕಿಗಳು ಅಷ್ಟು ಚೆನ್ನಾಗಿರುವಾಗ ಕೆಸರು ತುಳಿದು ನೋಡಿಬರುವ ಉಸಾಬರಿ ಯಾರಿಗೆ ಬೇಕು? ಗಂಡ ವೃಷಭ ಆಗಲೇ ಸಿಹಿ ಹಂಚಲೆಂದು ಕುಂದಾ ತಂದಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ. ನಾನು ಕಾಡಿಗೆ ಬಂದದ್ದು ಸಂದರ್ಶನದಲ್ಲಿ ತೋರಿಸುವ ಬರೀ ಒಂದು ಫೋಟೋಕ್ಕೆ.

ಕಳ್ಳರಿಗೆ ಶಾಪ ಹಾಕುತ್ತಲೇ ಭೀಮಕ್ಕನ ಮನೆ ಹೊಕ್ಕೆ.

"ಬರ್ರಿ ಮಯೂರಿ ಮೇಡಮ್ಮಾರ, ಕುಂದರ್ರಿ."

ದೇವರ ಜಗುಲಿಯ ಬಾಜುವಿನ ಹಲಗೆಯ ಮೇಲೆ ನನ್ನ ಪೆಟ್ಟಿಗೆಗಳೆಲ್ಲ ಸಾಲಾಗಿ ಕುಳಿತಿದ್ದವು. ವಿಭೂತಿ, ಕುಂಕುಮ, ಒಣಗಿದ ಚೆಂಡುಹೂ. ಹಸಿರು ದೀಪಗಳು ಮಿಣುಕುತ್ತಿದ್ದವು.

"ಹ್ವಾದ ದಸರಾಕ್ಕ ಖಂಡೇಪೂಜಿಗಂತ, ಆಯುಧದ ಜೋಡಿ ಪೂಜಿ ಮಾಡಾಕ ಇಳಿಸಿದ್ವಿ ನೋಡ್ರಿ. ಮತ್ತ ಮಳ್ಯಾಗ ಯಾಕ ತೋಯಿಸೂದು ಅಂತ ಇಲ್ಲೇ ಇಟ್ಟೇನ್ರಿ. ಚಾರ್ಜಿಗೂ ಹಚ್ಚತೇನಿ. ಕೂಸಿನಂಗ ನೋಡ್ಕೋರಿ ಅಂದಿದ್ರಲ್ರಿ ನೀವು."

ಗೇಣು ದೂರದಲ್ಲಿ ಕುಳಿತು ಮಾತಾಡಿಕೊಂಡ ಪೆಟ್ಟಿಗೆಗಳು ಸಂದೇಶ ಕಳೆಯುವುದಾದರೂ ಹೇಗೆ?

"ವಾಡ್ಯಾಗಿನ ಗುಂಡಿ ಪೆಟ್ಟಿಗಿ?"

"ಅದನೂ ತರಿಸೇನ್ರಿ. ಅದೊಂದನ್ನ ಯಾಕ ಅಲ್ಲಿ ಬಿಡೂದು?"

ಅಂದರೆ ಮಳೆಗಾಲವೆಲ್ಲ ವಾಡಿಯಲ್ಲಿ ಒತ್ತಲು ಗುಂಡಿಯೇ ಇರಲಿಲ್ಲ. ಯಾರಿಗಾದರೂ ಹಾವು ಕಚ್ಚಿದ್ದರೆ, ಹೆರಿಗೆ ನೋವು ಬಂದಿದ್ದರೆ, ಬೆಳಗಾವಿಯ ನನ್ನ ಕಂಪ್ಯೂಟರ್ ಆಗಲೂ ‘ಎಲ್ಲ ಸರಿ’ ಎನ್ನುತ್ತಿತ್ತು. ನಾನು ಅದನ್ನು ನೋಡಿ ಚಹಾ ಕುಡಿಯುತ್ತಿದ್ದೆ.

"ವಾಡ್ಯಾಗ ಯಾರಿಗೂ ಏನೂ ಆಗಿಲ್ಲಲ್ರಿ?"

"ಬಸವಣ್ಣನ ದಯಾ, ಏನೂ ಆಗಿಲ್ರಿ." ಭೀಮಕ್ಕನ ಮುಖ ಬಾಡಿತು. "ಏನರ ತಪ್ಪಾತೇನ್ರಿ?"

"ನಿಮ್ಮದಲ್ರಿ," ಎಂದು ಹಲಗೆಯ ಫೋಟೋ ತೆಗೆದುಕೊಂಡೆ.

ಸಂದರ್ಶನದಲ್ಲಿ ಅದನ್ನೇ ಪರದೆಗೆ ಹಾಕಿದೆ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಕಾಡು ಎಲ್ಲೈತ್ರಿ ಮೇಡಂ?"

"ಇದೇ ರೀ ಸರ್," ಎಂದೆ. "ನನ್ನ ಪ್ರಬಂಧದಾಗಿನ ಕಾಡು ಇಷ್ಟೇ ಉದ್ದ ಐತ್ರಿ."