ಆರಿಸಬಾರದ ಸ್ವಿಚ್ಚು

ಈಗಿನ ಮಕ್ಕಳಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಗುಬ್ಬಿಯ ಮನೆಗೆ ಬಂದ ಮೊದಲ ಕಂಪ್ಯೂಟರಿಗೆ ಸ್ವಂತದ್ದೊಂದು ಪರದೆಯೂ ಇರಲಿಲ್ಲ. ಇದ್ದದ್ದು ಒಂದು ಕೀಲಿಮಣೆ, ಎಲ್ಲವೂ ಅದರ ಹೊಟ್ಟೆಯೊಳಗೇ. ವೈರು ಎಳೆದು ಮನೆಯ ಟಿವಿಗೆ ಸಿಕ್ಕಿಸಬೇಕು. ರಬ್ಬರಿನ ಕೀಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗಿ, ಬರಲೋ ಬೇಡವೋ ಅನ್ನುವಂತೆ ಮೇಲೆ ಬರುತ್ತಿತ್ತು. ಹೊಸ ಪ್ಲಾಸ್ಟಿಕ್ಕು ಬಿಸಿಯಾದ ಆ ವಾಸನೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಐವತ್ತು ದಾಟಿದ ಗುಬ್ಬಿ ನಿಂತ ನಿಲುವಿನಲ್ಲೇ ಏಳನೇ ಕ್ಲಾಸಿನ ಹುಡುಗಿಯಾಗಿಬಿಡುತ್ತಾಳೆ.

ಅದು ಮನೆಗೆ ಬಂದದ್ದೇ ಒಂದು ತಮಾಷೆ. ಅಪ್ಪ ರೈಲಿನ ಗಾರ್ಡು. ಅಮ್ಮನಿಗೆಂದು ಕೂಡಿಟ್ಟ ದುಡ್ಡು ಜೇಬಿಗಿಟ್ಟುಕೊಂಡು ಬಟ್ಟೆ ಒಗೆಯುವ ಮಷೀನು ತರಲು ಹೋದವರು, ಅಂಗಡಿಯ ಗಾಜಿನಾಚೆ ಇದನ್ನು ಕಂಡು ಮರುಳಾಗಿ, ಇದನ್ನೇ ಕಂಕುಳಲ್ಲಿ ಅವುಚಿಕೊಂಡು ಬಂದರು. ಅಮ್ಮ ಡಬ್ಬ ನೋಡಿದಳು, ಅಪ್ಪನ ಮುಖ ನೋಡಿದಳು.

"ಇದಕ್ಕೆ ಬಟ್ಟೆ ಎಲ್ಲಿಂದ ಹಾಕೋದು?" ಅಂದವಳೇ ಒಳಗೆ ಹೋದಳು.

ಅಲ್ಲಿಂದ ಗಂಡ ಹೆಂಡಿರ ಮಾತುಕತೆ ಬಂದ್. ಅಪ್ಪನಿಗೆ ಊಟ ಗಂಟಲಲ್ಲಿ ಇಳಿಯದಾಯಿತು. ಕಡೆಗೆ ಅಂಗಡಿಯವನನ್ನು ಕಾಡಿ ಬೇಡಿ, ತಿಂಗಳೊಳಗೆ ತಂದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಒಪ್ಪಿಸಿ ಬಂದರು.

ಡ್ಯೂಟಿಗೆ ಹೊರಡುವಾಗ ಮಗಳನ್ನು ಪಕ್ಕಕ್ಕೆ ಕರೆದರು. "ನೋಡು ಗುಬ್ಬಿ, ನಾನು ವಾಪಸ್ ಬರೋ ಹೊತ್ತಿಗೆ ಇದು ಏನಾದ್ರೂ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಮಾರನೇ ದಿನಾನೇ ಅಂಗಡಿಗೆ. ನಿಮ್ಮಮ್ಮನ ಮುಖ ನೋಡೋಕಾಗ್ತಿಲ್ಲ ಕಣೇ ನನಗೆ."

ಗುಬ್ಬಿ ಅವತ್ತೇ ಶುರುಮಾಡಿದಳು. ಆಟ ಬಿಟ್ಟಳು, ಗೆಳತಿಯರನ್ನು ಬಿಟ್ಟಳು, ಜೊತೆಗೆ ಬಂದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಪ್ರೋಗ್ರಾಮು ಕುಟ್ಟಿದಳು. ಆ ಕಂಪ್ಯೂಟರೋ ಮಹಾ ಸಿಡುಕು ಮೂತಿಯದು! ಒಂದು ಚುಕ್ಕೆ ತಪ್ಪಿದರೂ ತಪ್ಪು ತಪ್ಪು ಎಂದು ಮೊಂಡು ಹಿಡಿಯುತ್ತಿತ್ತು. ಅಂತೂ ಅಪ್ಪ ಬರುವ ಹಿಂದಿನ ದಿನ ಟಿವಿಯ ಮೇಲೆ ಒಂದು ರೈಲು ಓಡಿತು. ಹಸಿರು ಎಂಜಿನ್ನು, ಕೆಂಪು ಡಬ್ಬಿಗಳು, ಕಟ್ಟಕಡೆಯ ಡಬ್ಬಿಯಲ್ಲಿ ಬಾವುಟ ಬೀಸುವ ಒಬ್ಬ ಪುಟಾಣಿ ಮನುಷ್ಯ.

ಪೇಚಾಟ ಶುರುವಾದದ್ದು ಆಮೇಲೆ. ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿಗೆ ತುಂಬಿ ಉಳಿಸಿಡಬೇಕಾದರೆ ಟೇಪ್ ರೆಕಾರ್ಡರ್ ಬೇಕು, ಅದು ಮನೆಯಲ್ಲಿಲ್ಲ. ಸ್ವಿಚ್ಚು ಆರಿಸಿದರೆ ಅಷ್ಟೂ ಗುಳುಂ. ಅಪ್ಪ ಬರುವ ತನಕ ಉರಿಯುತ್ತಲೇ ಇರಬೇಕು. ಯಾವುದನ್ನು ಮುಟ್ಟಿದರೆ ಏನಾಗುತ್ತದೋ ಎಂಬ ಹೆದರಿಕೆಗೆ ಗುಬ್ಬಿ ಟಿವಿಯನ್ನೂ ಆರಿಸಲಿಲ್ಲ. ಬೆಳಗ್ಗೆ ಸ್ಕೂಲಿಗೆ ಹೋಗಲೇಬೇಕು, ಪರೀಕ್ಷೆ. ಮನೆಯಲ್ಲಿ ನೋಡಿದರೆ ಅಜ್ಜಿ! ಅಪ್ಪನ ತಾಯಿ. ಉರಿಯುವ ದೀಪ ಕಂಡರೆ ಅವಳ ಕೈ ಸುಮ್ಮನಿರದು. ಗುಬ್ಬಿ ಓದುತ್ತ ಕೂತಿದ್ದಾಗಲೇ ಲೈಟು ಆರಿಸಿ ಹೋದ ಪುಣ್ಯಾತ್ಗಿತ್ತಿ. ಆದರೂ ಗುಬ್ಬಿಗೆ ನಿಜವಾದ ಭಯ ಇದ್ದದ್ದು ಅಮ್ಮನದೇ.

"ಅಮ್ಮಾ, ಸಂಜೆವರೆಗೂ ಇದನ್ನ ಆರಿಸ್ಬೇಡ, ದಮ್ಮಯ್ಯ."

"ನಾನ್ಯಾಕೆ ಮುಟ್ಟಲಿ ನನ್ನ ಸವತೀನ?" ಅಂದಳು ಅಮ್ಮ.

ಸಂಜೆ ಓಡೋಡಿ ಬಂದರೆ ಟಿವಿ ಕಪ್ಪಗಿತ್ತು. ಅಮ್ಮ ಅದರ ಪಕ್ಕದ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಹಾಲಿನವನು ಕೂಗಿದ ಅಂತ ಬಾಗಿಲಿಗೆ ಹೋದೆ ಕಣೇ. ಅಷ್ಟರಲ್ಲಿ ಅತ್ತೆ..."

"ಯಾರೂ ನೋಡ್ತಿರ್ಲಿಲ್ಲ, ಮೀಟರ್ ಸುಮ್ನೆ ಓಡುತ್ತಲ್ಲ ಅಂತ ಆರಿಸ್ದೆ. ಅಂಥಾ ತಪ್ಪೇನು?" ಅಂದಳು ಅಜ್ಜಿ.

ಗುಬ್ಬಿಯ ಕಿವಿಗೆ ಅಜ್ಜಿಯ ಮಾತು ಬೀಳಲೇ ಇಲ್ಲ. ಅಮ್ಮನ ಮೇಲೆ ಹರಿಹಾಯ್ದಳು. "ನಿನಗೆ ಬೇಕಾಗಿದ್ದೂ ಅದೇ ತಾನೆ? ಬರುತ್ತಲ್ಲ ನಿನ್ನ ಮಷೀನು, ಖುಷಿಪಡು!"

ಗುಬ್ಬಿ ಮುಖ ತಿರುಗಿಸಿದಾಗ ಬಚ್ಚಲ ಬಾಗಿಲಲ್ಲಿ ಬಕೆಟ್ಟುಗಳು ಕಂಡವು. ಬೆಳಗ್ಗೆ ನೆನೆಸಿದ ಬಟ್ಟೆ ನೆನೆಸಿದ ಹಾಗೇ ಇದೆ, ಸೋಪಿನ ನೊರೆ ಸತ್ತು ನೀರು ಬೂದಿಯ ಬಣ್ಣಕ್ಕೆ ತಿರುಗಿದೆ. ಸ್ಟೂಲಿನ ಕೆಳಗೆ ಅಮ್ಮ ಅರ್ಧ ತಿಂದ ತಟ್ಟೆ. ಹಾಗಾದರೆ ಇವಳು ಬೆಳಗಿನಿಂದ ಇಲ್ಲೇ ಕಾವಲು ಕೂತಿದ್ದಾಳೆ! ಗುಬ್ಬಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಕೀಲಿಮಣೆಯ ಮೇಲೆ ಕೈಯಿಟ್ಟಳು. ಅದು ಬೆಚ್ಚಗಿತ್ತು. ಮೂಲೆಯಲ್ಲಿ ಕೆಂಪು ದೀಪವೂ ಉರಿಯುತ್ತಿತ್ತು.

ಅಜ್ಜಿ ಆರಿಸಿದ್ದು ಬರೀ ಟಿವಿಯನ್ನು!

ಗುಬ್ಬಿ ಟಿವಿ ಹಾಕಿದಳು. ಮೊದಲು ಒಂದು ಬಿಳಿ ಚುಕ್ಕೆ. ಚುಕ್ಕೆ ಹಿಗ್ಗಿತು. ಹಸಿರು ಎಂಜಿನ್ನು ಏನೂ ಆಗೇ ಇಲ್ಲವೆಂಬ ಹಾಗೆ ಎಡದಿಂದ ಬಂದೇ ಬಂತು.

"ಅಯ್ಯೋ, ಹೋಗೇಬಿಡ್ತು ಅಂದ್ಕೊಂಡಿದ್ನಲ್ಲೇ!" ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದು.

ಅಷ್ಟರಲ್ಲಿ ಅಪ್ಪ ಬಂದರು. ಬೂಟು ಬಿಚ್ಚುವುದನ್ನೂ ಮರೆತು ನೋಡಿದರು. ಮತ್ತೆ ಓಡಿಸು ಅಂದರು, ಮತ್ತೆ ನೋಡಿದರು.

"ಕೊನೇಲಿ ಯಾರೋ ಅದು, ನೊಣದ ಹಾಗೆ?" ಅಜ್ಜಿ ಕಣ್ಣು ಕಿರಿದು ಮಾಡಿದಳು.

"ನಿನ್ನ ಮಗಾನೇ ಅಜ್ಜಿ."

ಅಪ್ಪ ಗಹಗಹಿಸಿ ನಕ್ಕರು. ನಗು ನಿಂತ ಮೇಲೆ ಅಮ್ಮನ ಕಡೆ ತಿರುಗಿದರು. "ಇದರ ತೀರ್ಮಾನ ನನ್ನದಲ್ಲ. ನಾಳೆ ಕೊಟ್ರೆ ಪೂರ್ತಿ ದುಡ್ಡು ವಾಪಸ್ ಬರುತ್ತೆ, ನಿನ್ನ ಮಷೀನ್ ತರ್ತೀನಿ. ನೀನು ಹೂಂ ಅಂದ್ರೆ ಸಾಕು."

ಗುಬ್ಬಿ ತಲೆ ಎತ್ತಲಿಲ್ಲ. ಅಂದ ಮಾತು ಅಂದಾಗಿತ್ತು, ಈಗ ಯಾವ ಮುಖ ಹೊತ್ತು ಬೇಡವೆನ್ನಲಿ? ಅಮ್ಮ ಹೂಂ ಅಂದರೆ ನ್ಯಾಯವೇ.

ಅಮ್ಮ ರೈಲು ಇನ್ನೊಂದು ಸಲ ಹಾದುಹೋಗುವ ತನಕ ನೋಡಿದಳು.

"ರೀ, ಇದನ್ನ ಉಳಿಸಿಡೋಕೆ ಏನೋ ಟೇಪ್ ರೆಕಾರ್ಡರ್ ಬೇಕಂತೆ. ಹೇಗಾದ್ರೂ ಮಾಡಿ ನಾಳೆ ಅದನ್ನೊಂದು ತನ್ನಿ. ದಿನಾ ಹೀಗೆ ಕಾವಲು ಕೂತ್ರೆ ಬಟ್ಟೆ ಯಾರು ಒಗೀತಾರೆ?"

ಅಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲಿಗೆ ನಡೆದಳು. ಗುಬ್ಬಿ ಹಿಂದೆಯೇ ಹೋದಳು.

"ಅಮ್ಮಾ, ಆಗ ನಾನು ಅಂದಿದ್ದು..."

"ಆ ತುದಿ ಹಿಡ್ಕೋ," ಅಂದಳು ಅಮ್ಮ, ಬಕೆಟ್ಟಿನಿಂದ ದೊಡ್ಡ ಚಾದರವೊಂದನ್ನು ಎಳೆಯುತ್ತ. "ಗಟ್ಟಿಯಾಗಿ ಹಿಡಿ, ಜಾರುತ್ತೆ."

ಗುಬ್ಬಿ ಎರಡೂ ಕೈಯಲ್ಲಿ ಹಿಡಿದಳು. ನೆನೆದ ಚಾದರ ಅಷ್ಟು ಭಾರ ಇರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.